ಮೈಮುನಬಿಯ ಕಿವಿ, ಇಸ್ರಾರನ ಮೂಗು

ಕುಂದಗೋಳದ ಮೈಮುನಬಿ ಸುಳ್ಳು ಹೇಳುವವಳಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಬರೋಬ್ಬರಿ ಒಂಬತ್ತು ತಿಂಗಳು ಆಕೆ ಇಡೀ ತಾಲೂಕಿಗೆ ಸುಳ್ಳು ಹೇಳಿದಳು. ಅದೂ ಬಾಯಿ ಬಿಡದೆ, ಬರೀ ತಲೆದೂಗಿ. ಯಾರಾದರೂ ಹಾಡಿದರೆ ಕಣ್ಣು ಅರ್ಧ ಮುಚ್ಚಿ, ತಲೆ ಎಡಕ್ಕೆ ವಾಲಿಸಿ, ಸರಿಯಾದ ಜಾಗದಲ್ಲಿ ‘ಆಹಾ’ ಎಂದುಬಿಡುತ್ತಿದ್ದಳು. ಹಾಡಿದವರು ಹಿಗ್ಗಿ ಮನೆಗೆ ಹೋಗುತ್ತಿದ್ದರು. ಆಕೆಗೆ ಮಾತ್ರ ಆ ಹಾಡಿಗೂ ಪಕ್ಕದ ಓಣಿಯ ಹಿಟ್ಟಿನ ಗಿರಣಿಗೂ ಫರಕು ತಿಳಿಯುತ್ತಿರಲಿಲ್ಲ.

ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಮೈಮುನಬಿಯ ಅಪ್ಪ ಪೇಟಿ ರಿಪೇರಿ ಮಾಡುತ್ತಿದ್ದರು. ಕುಂದಗೋಳದಲ್ಲಿ ಹಾಡುವವರಿಗೇನು ಕಡಿಮೆಯೇ? ಮನೆಗೊಂದು ಪೇಟಿ, ಪೇಟಿಗೊಂದು ರೋಗ. ಏಳು ವರ್ಷದ ಮೈಮುನಬಿಯನ್ನು ಅಪ್ಪ ತಿದಿ ಒತ್ತಲು ಕೂರಿಸಿಕೊಂಡರು. ಆ ವಯಸ್ಸಿಗೆ ಸ್ವರ ಏನು ತಿಳಿದೀತು? ಅದಕ್ಕೆ ಅವರೊಂದು ಉಪಾಯ ಹುಡುಕಿದ್ದರು. ಪೇಟಿಯ ಮೇಲೆ ಬೆರಳಿಂದ ಒತ್ತುವ ಕರಿ-ಬಿಳಿ ಕೀಗಳಿಗೆ ಮನೆ ಅಂತಾರೆ; ಒಳಗೆ ಹಿತ್ತಾಳೆಯ ಪುಟ್ಟ ನಾಲಗೆಗಳಿರುತ್ತವೆ, ರೀಡು ಅಂತಾರೆ. ಎರಡು ರೀಡು ಕೂಡಿ ಒಂದೇ ಸ್ವರ ಹಾಡಬೇಕು. ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ದನಿ ನೆಟ್ಟಗೆ ನಿಲ್ಲದೆ ‘ವಂವ್ ವಂವ್ ವಂವ್’ ಎಂದು ಅಲುಗುತ್ತದೆ.

“ಜಗಳಾಡಾಕತ್ತಾವ ನೋಡು ಬೇಟಿ. ಎಣಸು,” ಎನ್ನುತ್ತಿದ್ದರು ಅಪ್ಪ.

ಆಕೆ ಮೊಣಕಾಲ ಮೇಲೆ ಬೆರಳು ಬಡಿದು ಎಣಿಸುತ್ತಿದ್ದಳು. ಅಪ್ಪ ಕಾನಸು ಎಂಬ ಸಣ್ಣ ಅರ ಹಿಡಿದು ರೀಡನ್ನು ತಿಕ್ಕುತ್ತಿದ್ದರು. ತುದಿಯಲ್ಲಿ ತಿಕ್ಕಿದರೆ ಸ್ವರ ಏರುತ್ತದೆ, ಬುಡದಲ್ಲಿ ತಿಕ್ಕಿದರೆ ಇಳಿಯುತ್ತದೆ. ಜಗಳ ಜೋರಾದರೆ ತಪ್ಪು ಕಡೆ ತಿಕ್ಕಿದ್ದಾಯಿತು, ಮೆಲ್ಲಗಾದರೆ ಸರಿ ಕಡೆ. ಪೂರ್ತಿ ನಿಂತರೆ ಏಳು, ಊಟ ಮಾಡು. ಅಷ್ಟೇ ವಿದ್ಯೆ. ಹನ್ನೆರಡು ತುಂಬುವುದರೊಳಗೆ ಹುಡುಗಿಗೆ ಎಣಿಸುವ ಗರಜೇ ಉಳಿಯಲಿಲ್ಲ. ಕಿವಿಯೇ ಎಲ್ಲ ಹೇಳತೊಡಗಿತು. ಬೀದಿಯಲ್ಲಿ ನಡೆದುಹೋಗುತ್ತ, ಮಹಡಿಯಲ್ಲಿ ಬಾರಿಸುತ್ತಿದ್ದ ಪೇಟಿಗೆ ಕೆಳಗಿನಿಂದಲೇ “ಕರಿ ಎರಡನೇ ಮನಿ ಇಳದೈತಿ, ತಂದು ಕೊಡ್ರಿ” ಎಂದು ಕೂಗುವಷ್ಟು ಸೊಕ್ಕು ಬಂತು. ಸೊಕ್ಕಿಗೆ ತಕ್ಕ ಕಿವಿಯೂ ಇತ್ತು ಬಿಡಿ. ಅಪ್ಪ ಸಾಯುವಾಗ ತಮ್ಮ ಪೆಟ್ಟಿಗೆಯನ್ನು ಆಕೆಯ ಕೈಗೇ ಇಟ್ಟರು. ಅದರಲ್ಲಿ ಒಂಬತ್ತು ಕಾನಸುಗಳು, ಜೊತೆಗೆ ಬಾಯಿಂದ ಊದುವ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಸ್ವರ ಹೋಲಿಸಿ ನೋಡಲು ಹನ್ನೆರಡು ಅಸಲಿ ರೀಡುಗಳು. ಅವಕ್ಕೆ ಯಾರೂ ಎಂದೂ ಕಾನಸು ತಾಗಿಸಿರಲಿಲ್ಲ, ತಾಗಿಸುವಂತೆಯೂ ಇರಲಿಲ್ಲ.

ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಜ್ವರ ಬಂತು. ಜ್ವರ ಹೋಗುವಾಗ ಕಿವಿ ಎರಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಬಲಗಿವಿಯೊಳಗೆ ಮಿಷಿನ್ ಕೂರಿಸಿದರು. ಒಳಗೊಂದು ಭಾಗ, ಹೊರಗೊಂದು ಭಾಗ. ಹೊರಗಿನ ಬಿಲ್ಲೆ ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತದೆ. ಸೆರಗು ಹೊದ್ದರೆ ಯಾರಿಗೂ ಕಾಣುವುದಿಲ್ಲ. ಆದರೆ ಆಕೆ ಪೇಟಿಯೊಳಗೆ ತಲೆ ಹಾಕಿದಾಗಲೆಲ್ಲ ಆ ಬಿಲ್ಲೆ ಟಪಕ್ಕನೆ ತಲೆ ಬಿಟ್ಟು ಪೇಟಿಯ ಉಕ್ಕಿನ ಸ್ಪ್ರಿಂಗಿಗೆ ಹೋಗಿ ಕಚ್ಚಿಕೊಳ್ಳುತ್ತಿತ್ತು. ಒಮ್ಮೆ ಸಣ್ಣ ಸ್ಕ್ರೂಡ್ರೈವರ್ ಕಳೆದಿದೆಯೆಂದು ಮನೆಯೆಲ್ಲ ಜಾಲಾಡಿದರು. ಅದು ಆಕೆಯ ತಲೆಗೇ ಅಂಟಿಕೊಂಡು ಸೆರಗಿನೊಳಗೆ ಸುಖವಾಗಿ ಕೂತಿತ್ತು.

ಮಿಷಿನ್ ಚಾಲೂ ಮಾಡಿದ ಮೊದಲ ದಿನ ಎಲ್ಲ ಮಾತೂ ತಗಡಿನ ಮೇಲೆ ಕಡಲೆ ಸುರಿದ ಹಾಗೆ ಕೇಳಿಸಿತು. ಗಂಡ ಇಸ್ರಾರ್ ಮಾತಾಡಿದರೂ ಅದೇ, ನರ್ಸು ಮಾತಾಡಿದರೂ ಅದೇ. ಗಂಡಸಿನ ದನಿ ಯಾವುದು, ಹೆಂಗಸಿನದು ಯಾವುದು ಎಂದು ತುಟಿ ನೋಡಿಯೇ ಹೇಳಬೇಕಿತ್ತು. ಆಸ್ಪತ್ರೆಯಲ್ಲಿ ಕೇಳುವುದನ್ನು ಕಲಿಸುತ್ತಿದ್ದ ಶಿವಾನಿ ಎಂಬ ಹುಡುಗಿ ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಶಬ್ದ ಹೇಳುತ್ತಿದ್ದಳು. ಇವಳು ತಿರುಗಿ ಹೇಳಬೇಕು. ಹಟಮಾರಿ ಹೆಂಗಸು, ಆರು ತಿಂಗಳಲ್ಲಿ ಮಾತನ್ನು ಗೆದ್ದಳು. ‘ಸ’ ಮತ್ತು ‘ಶ’ ಮೊದಲಿಗಿಂತ ಚುರುಕಾಗಿ ಕೇಳತೊಡಗಿದವು. ಹಾಲು ಉಕ್ಕುವ ಮೊದಲಿನ ಸದ್ದು ಬಂತು. ಸ್ವಂತ ಚಪ್ಪಲಿ ಎಷ್ಟು ಗದ್ದಲ ಮಾಡುತ್ತದೆ ಎಂದು ಗೊತ್ತಾಯಿತು. ಹಾಡು ಮಾತ್ರ ಬರಲಿಲ್ಲ.

“ಅದ್ಯಾಕ್ರಿ ಹಿಂಗ?” ಎಂದು ಮೈಮುನಬಿ ಕೇಳಿದಳು.

ಶಿವಾನಿ ಜಾಣೆ, ಎದುರಿಗಿರುವವರ ಕಸುಬಿನ ಭಾಷೆಯಲ್ಲೇ ಹೇಳಿದಳು. “ಮೊದ್ಲ ನಿಮ್ಮ ಕಿವಿಯೊಳಗ ಸಾವಿರಾರು ಮನಿ ಇರೋ ಪೇಟಿ ಇತ್ರಿ. ಈಗ ನಾವು ಕೂಡ್ರಿಸಿದ್ದು ಇಪ್ಪತ್ತೆರಡ ಮನೀದು. ಮಾತು ಗುರ್ತ ಹಿಡಿಯಾಕ ಅಷ್ಟು ಸಾಕು. ಸ್ವರ ಏರಿತೋ ಇಳೀತೋ ಹೇಳಾಕ ಸಾಲಂಗಿಲ್ಲ. ರೂಢಿ ಮಾಡ್ರಿ, ಒಂಚೂರು ಸುಧಾರಿಸಬಹುದು. ತಾಳ ಮಾತ್ರ ಪೂರಾ ಬರ್ತೈತ್ರಿ.”

ಮೈಮುನಬಿ ‘ಆತವಾ’ ಎಂದು ನಕ್ಕು ಹೊರಬಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ ಇಸ್ರಾರನನ್ನು ಮೇಲಿಂದ ಕೆಳಗೆ ನೋಡಿದಳು.

“ನಿಮ್ಮ ಕಿವಿ ಛಲೋ ಅದಾವಲ್ಲ?” ಎಂದಳು.

ಇಸ್ರಾರ್ ವೆಲ್ಡಿಂಗ್ ಅಂಗಡಿಯವನು, ಪಾಪದ ಮನುಷ್ಯ. ಮೂವತ್ತು ವರ್ಷ ಆಕೆಯ ಜೊತೆ ಬಾಳ್ವೆ ಮಾಡಿ ಸ್ವರ ಗುರುತಿಸುವುದು ಕಲಿತಿದ್ದ. ಸುಳ್ಳು ಹೇಳುವುದು ಕಲಿತಿರಲಿಲ್ಲ. ಅದನ್ನೂ ಕಲಿಸಿದಳು. ಅವನು ಮೂಗು ತುರಿಸಿಕೊಂಡರೆ ‘ರೀಡು ಇಳಿದಿದೆ, ಏರಿಸು’. ಕಿವಿ ಜಗ್ಗಿದರೆ ‘ಏರಿದೆ, ಇಳಿಸು’. ಕೈ ಕಟ್ಟಿ ಕೂತರೆ ‘ಸರಿಯಾಗಿದೆ, ಮುಚ್ಚು’. ಗಿರಾಕಿ ಎದುರಿಗೇ ಕೂತಿರುತ್ತಿದ್ದ, ಇಸ್ರಾರ್ ಮೂಲೆಯಲ್ಲಿ ಕೂತು ಮೂಗು ಕಿವಿ ಮುಟ್ಟಿಕೊಳ್ಳುತ್ತಿದ್ದ. ಹೀಗೆ ನಾಲ್ಕು ಪೇಟಿ ಮಾಡಿ ಕಳಿಸಿದರು, ಯಾರಿಗೂ ಸುಳಿವು ಹತ್ತಲಿಲ್ಲ. ‘ಮಿಷಿನ್ ಹಾಕಿದ ಮ್ಯಾಲೆ ಮೈಮುನಬಿ ಕಿವಿ ಇನ್ನೂ ಚುರುಕ ಆಗ್ಯಾವ’ ಎಂದು ಪೇಟೆಯಲ್ಲಿ ಮಾತೂ ಹಬ್ಬಿತು. ಆ ಮಾತು ಆಕೆಯ ಕಿವಿಗೂ ಬಿತ್ತು. ಮಾತು ಕೇಳಿಸುತ್ತಿತ್ತಲ್ಲ.

ನಂಬದವನು ಒಬ್ಬನೇ. ಆಕೆಯ ಅಣ್ಣನ ಮಗ ಸಾಧಿಕ್, ನಲವತ್ತರ ಗಂಡಸು, ಅಣ್ಣಿಗೇರಿಯಲ್ಲಿ ವಾದ್ಯಗಳ ಅಂಗಡಿ. ಅವನು ಫೋನಿನಲ್ಲಿ ಸ್ವರ ತೋರಿಸುವ ಮುಳ್ಳು ನೋಡಿಕೊಂಡು ರೀಡು ತಿಕ್ಕುವವನು. “ಫುಫು, ದಾದಾನ ಪೆಟಗಿ ನನಗ ಕೊಟ್ಟು ನೀ ಆರಾಮ ಇರು,” ಎಂದು ಬಂದಾಗಲೆಲ್ಲ ಸೋದರತ್ತೆಯ ಮುಂದೆ ಅಜ್ಜನ ಪೆಟ್ಟಿಗೆಯ ಮಾತು ತೆಗೆಯುತ್ತಿದ್ದ. ಕೆಟ್ಟವನೇನಲ್ಲ. ಆದರೆ ಮೈಮುನಬಿಗೆ ಆರಾಮ ಎಂದರೆ ಬಳ್ಳೊಳ್ಳಿ ಸುಲಿಯುತ್ತ ಕೂರುವುದು, ಅದು ಆಕೆಗೆ ಸಾವಿಗಿಂತ ಬೇಸರದ ಸಂಗತಿ.

ಇಂಥದ್ದರಲ್ಲಿ ಯರಗುಪ್ಪಿಯ ರಾಮಪ್ಪ ಮಾಸ್ತರರಿಂದ ಕರೆ ಬಂತು. ಮಾಸ್ತರರು ಸಾಲೆ ಕಲಿಸಿ ರಿಟೈರ್ ಆದವರು, ಭಜನಾ ಮಂಡಳಿಯ ಮುಖಂಡರು. ನಲವತ್ತು ವರ್ಷದಿಂದ ಹಾಡುತ್ತಿದ್ದರು. ಆ ನಲವತ್ತು ವರ್ಷದಲ್ಲಿ ಅವರ ಷಡ್ಜ ಒಮ್ಮೆಯೂ ಪೇಟಿಯ ಷಡ್ಜಕ್ಕೆ ಹೋಗಿ ಕೂತದ್ದಿಲ್ಲ ಎನ್ನುವುದು ಅವರೊಬ್ಬರನ್ನು ಬಿಟ್ಟು ಸುತ್ತ ಹತ್ತು ಹಳ್ಳಿಗೆ ಗೊತ್ತಿತ್ತು. ಮಾಸ್ತರರ ಮೇಲೆ ಜನಕ್ಕೆ ಪ್ರೀತಿ. ಹೇಳುವ ಧೈರ್ಯ ಯಾರಿಗಿದೆ? ಮೈಮುನಬಿಗೂ ಇರಲಿಲ್ಲ ಎಂದರೆ ಲೆಕ್ಕ ಹಾಕಿ.

“ಪೇಟಿ ನಮ್ಮ ಮನ್ಯಾಗ, ಮಂಡಳಿ ಮುಂದ ರಿಪೇರಿ ಮಾಡಬೇಕವಾ,” ಎಂದರು ಮಾಸ್ತರರು. “ಸಾಧಿಕನೂ ಬರ್ತಾನ. ನಿನ್ನ ಕಿವಿ ಬಗ್ಗೆ ಮಂದಿ ಎರಡೂ ನಮೂನಿ ಮಾತಾಡಾಕತ್ತಾರ. ಒಮ್ಮೆ ನೋಡೇಬಿಡೂಣು. ನಿನ್ನಿಂದ ಆಗಲಿಲ್ಲಂದ್ರ ಆ ಪೆಟಗಿ ಅವಗ ಕೊಡಬೇಕು. ನ್ಯಾಯ ಐತಿಲ್ಲೋ?”

“ಐತ್ರಿ,” ಎಂದಳು ಮೈಮುನಬಿ. “ಆದ್ರ ಫೋನಿನ ಮುಳ್ಳು ನಡುವ ಬರಬಾರದು. ಮುಳ್ಳು ನೋಡಿ ತಿಕ್ಕೂದಾದ್ರ ನಾ ಯಾಕ ಬೇಕು?” ಸೊಕ್ಕಿಗೆ ಮಾತ್ರ ಜ್ವರ ಬಂದಿರಲಿಲ್ಲ ನೋಡಿ.

ಗಂಡ ಹೆಂಡತಿ ಬಸ್ಸು ಹಿಡಿದು ಯರಗುಪ್ಪಿಗೆ ಹೋದರು. ಮೂಗು, ಕಿವಿ, ಕೈಕಟ್ಟು ಎಂದು ದಾರಿಯುದ್ದಕ್ಕೂ ಪಾಠ ಒಪ್ಪಿಸಿಕೊಂಡರು. ಎಲ್ಲ ಪಕ್ಕಾ. ಆದರೆ ಮಾಸ್ತರರ ಪಡಸಾಲೆಗೆ ಕಾಲಿಟ್ಟಾಗಲೇ ಇಸ್ರಾರನ ಮೂಗಿಗೆ ಘಾಟು ಬಡಿಯಿತು. ಆ ವಾರವೇ ಹೊಲದಿಂದ ಬಂದ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳು ಗೋಡೆಯುದ್ದಕ್ಕೂ ಒಟ್ಟಿದ್ದವು. ಮಂಡಳಿಯವರು ಜಮಖಾನೆಯ ಮೇಲೆ ಒತ್ತಾಗಿ ಕೂತಿದ್ದರು. ಇಸ್ರಾರನಿಗೆ ಉಳಿದದ್ದು ಚೀಲಗಳ ಪಕ್ಕದ ಜಾಗ. ಅವನು ಕೂತ, ಮೂಗು ತುರಿಸಿಕೊಂಡ.

ಮೈಮುನಬಿ ಪೇಟಿ ಬಿಚ್ಚಿದಳು. ಷಡ್ಜ ಹಿಡಿಯುವ ಬಿಳಿ ಒಂದನೇ ಮನೆಯನ್ನು ಒತ್ತಿದಳು, ಗಂಡನ ಕಡೆ ನೋಡಿದಳು. ಮೂಗು. ರೀಡಿನ ತುದಿಗೆ ಕಾನಸು ಹಾಕಿ ಎರಡು ಸಲ ತಿಕ್ಕಿದಳು. ಮತ್ತೆ ಒತ್ತಿದಳು. ಮೂಗು. ಇನ್ನೂ ಎರಡು ಸಲ ತಿಕ್ಕಿದಳು. ಮೂಗೇ. ಈ ಸಲ ಎರಡೂ ಕೈಯಿಂದ. ಪಾಪ, ಇಸ್ರಾರನಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಿವಿ ಜಗ್ಗಬೇಕೆಂದು ಕೈ ಎತ್ತಿದರೆ ಕೈ ದಾರಿಯಲ್ಲೇ ಮೂಗಿಗೆ ಹೋಗಿಬಿಡುತ್ತಿತ್ತು. ‘ಇಷ್ಟು ಇಳಿದ ರೀಡು ನಾ ಹುಟ್ಟಿದಾಗಿಂದ ನೋಡಿಲ್ಲ’ ಎಂದುಕೊಂಡು ಮೈಮುನಬಿ ತಿಕ್ಕಿದ್ದೇ ತಿಕ್ಕಿದ್ದು. ಕಡೆಗೆ ಇಸ್ರಾರ್ ‘ಆಕ್ಷೀ’ ಎಂದು ಪಡಸಾಲೆ ನಡುಗುವಂತೆ ಸೀನಿ, ಸುಸ್ತಾಗಿ ಕೈ ಕಟ್ಟಿ ಕೂತ. ಮೈಮುನಬಿ ಗೆದ್ದೆನೆಂದು ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಆ ಸ್ವರವನ್ನು ಉದ್ದಕ್ಕೆ ಬಾರಿಸಿದಳು.

ಮಂಡಳಿಯವರು ಹಲ್ಲು ಕಚ್ಚಿದರು. ಒಬ್ಬ ಕಿವಿ ಮುಚ್ಚಿಕೊಂಡ. ಅಂಗಳದ ನಾಯಿ ಎದ್ದು ಹೋಯಿತು. ಆಕೆ ಮಾತ್ರ ನಗುತ್ತ ಬಾರಿಸುತ್ತಲೇ ಇದ್ದಳು.

ಸಾಧಿಕ್ ಮೆಲ್ಲಗೆ ಹೇಳಿದ. “ಫುಫು, ಅದು ಷಡ್ಜ ಅಲ್ಲ. ರಿಷಭ ದಾಟಿ ಹೊಂಟೈತಿ.” ಹೇಳಿ ಪೆಟ್ಟಿಗೆಯ ಕಡೆ ಕೈ ಚಾಚಿದ.

ಮೈಮುನಬಿ ಗಂಡನ ಮುಖ ನೋಡಿದಳು. ಮೆಣಸಿನಕಾಯಿ ಚೀಲ ನೋಡಿದಳು. ಎಲ್ಲ ತಿಳಿಯಿತು. ಮುಖ ಕೆಂಪಗಾಯಿತು. ಸುಳ್ಳು ಮುಗಿದಿತ್ತು, ಇನ್ನು ಮುಚ್ಚಿಟ್ಟು ಮಾಡುವುದೇನು?

“ಹೌದ್ರಿ,” ಎಂದಳು ಗಟ್ಟಿಯಾಗಿ. “ನನಗ ಸ್ವರ ತಿಳಿಯಂಗಿಲ್ಲ. ಒಂಬತ್ತ ತಿಂಗಳಾತು. ಏರಿದ್ದು ಇಳಿದಿದ್ದು ಎಲ್ಲಾ ಒಂದ. ಇವರ ಮೂಗು ನೋಡಿ ತಿಕ್ಕತಿದ್ದೆ. ಭಾಳ ಸಂಕಟ ಆಗತೈತಿ, ಏನ್ ಮಾಡ್ಲಿ?”

ಮಾಸ್ತರರೇ ಬಾಯಿ ಬಿಟ್ಟರು. “ಹಂಗಾದ್ರ ಹ್ವಾದ ತಿಂಗಳ ನಾ ಹಾಡಿದಾಗ ಆಹಾ ಅಂದೆಲ್ಲವಾ?”

“ನಿಮ್ಮ ಹಾಡು, ಗಿರಣಿ, ಇವರ ಗೊರಕಿ, ಮೂರೂ ನನಗ ಒಂದ ಕೇಳಸ್ತಾವ್ರಿ,” ಎಂದಳು ಮೈಮುನಬಿ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿ, ಅದೇ ಸಿಟ್ಟಿನಲ್ಲಿ ತಿದಿಯನ್ನು ಜಾಡಿಸಿ ಒತ್ತಿ, ಕೈಗೆ ಸಿಕ್ಕ ಬೇರೊಂದು ಮನೆಯ ಮೇಲೆ ಬೆರಳು ಅದುಮಿದಳು.

ವಂವ್ ವಂವ್ ವಂವ್ ವಂವ್.

ಬೆರಳು ಅಲ್ಲೇ ನಿಂತಿತು. ಈ ಕುಲುಕಾಟ ಒಂಬತ್ತು ತಿಂಗಳಿಂದ ಕೇಳುತ್ತಲೇ ಇತ್ತು. ಮಿಷಿನ್ನಿನದೇ ಏನೋ ಖೊಟ್ಟಿ ಎಂದು ಆಕೆ ಕಡೆಗಣಿಸಿದ್ದಳು. ಮಿಷಿನ್ನಿನದಲ್ಲ! ರೀಡುಗಳು ಜಗಳಾಡುತ್ತಿವೆ! ‘ತಾಳ ಮಾತ್ರ ಪೂರಾ ಬರ್ತೈತ್ರಿ’ ಅಂದಿದ್ದಳಲ್ಲ ಆ ಹುಡುಗಿ. ಜಗಳ ಎಂದರೂ ತಾಳವೇ ಅಲ್ಲವೇ? ಎಣಿಸುವ ಸಂಗತಿ. ಏಳು ವರ್ಷದ ಕೂಸು ಎಣಿಸುತ್ತಿತ್ತು, ಸ್ವರದ ಗಂಧಗಾಳಿ ಇಲ್ಲದೆ. ಮೈಮುನಬಿಯ ಎಡಗೈ ತನ್ನಷ್ಟಕ್ಕೆ ಮೊಣಕಾಲ ಮೇಲೆ ಬಡಿಯತೊಡಗಿತು.

ಸಾಧಿಕನ ಕೈ ಪೆಟ್ಟಿಗೆಯ ಮೇಲಿತ್ತು. ಆಕೆ ಆ ಕೈಗೆ ಪಟಕ್ಕನೆ ಒಂದು ಕೊಟ್ಟಳು.

“ತಡಿಯೋ. ಇನ್ನೂ ಸಂಜಿ ಆಗಿಲ್ಲ,” ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. “ನೀವು ನಿಮ್ಮ ಮೂಗು ತಗೊಂಡು ಹೊರಗ ಹೋಗ್ರಿ.”

ಇಸ್ರಾರ್ ಬದುಕಿದೆ ಎಂದು ಅಂಗಳಕ್ಕೆ ಓಡಿದ.

ಕೆಡಿಸಿದ ರೀಡನ್ನು ಕಿತ್ತೆಸೆದು ಹೊಸದನ್ನು ಕೂರಿಸಿದಳು. ಅಪ್ಪನ ಊದುಪಟ್ಟಿಯನ್ನು ಬಾಯಿಗಿಟ್ಟುಕೊಂಡಳು. ಬಾಯಿಂದ ಅಸಲಿ ರೀಡು ಊದುವುದು, ಕೈಯಿಂದ ಪೇಟಿಯ ಅದೇ ಸ್ವರ ಬಾರಿಸುವುದು, ಎರಡರ ಜಗಳ ಕೇಳುವುದು. ತುದಿಗೆ ತಿಕ್ಕಿ ನೋಡಿದಳು. ಜಗಳ ಜೋರಾಯಿತು. ಹಾಗಾದರೆ ಬುಡಕ್ಕೆ. ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿಂತಿತು. ಏರಿದ್ದೋ ಇಳಿದದ್ದೋ ಯಾರಿಗೆ ಬೇಕು? ನಡುವೆ ಒಮ್ಮೆ ತಲೆಯ ಬಿಲ್ಲೆ ಹಾರಿ ಸ್ಪ್ರಿಂಗಿಗೆ ಅಂಟಿತು. “ಬಾ ಇಲ್ಲಿ ಕಳ್ಳಿ,” ಎಂದು ಬೈದು ತಿರುಗಿ ತಲೆಗೆ ಹಚ್ಚಿಕೊಂಡಳು. ಮಂಡಳಿಯವರು ಎರಡು ಸಲ ಚಹಾ ಕುಡಿದರು, ಒಂದು ಸಲ ಮಂಡಕ್ಕಿ ತಿಂದರು. ಮೂರು ತಾಸು ಹಿಡಿಯಿತು.

ಮುಗಿದ ಮೇಲೆ ಆಕೆಯೇ ಹೇಳಿದಳು. “ಸಾಧಿಕ್, ಈಗ ತಗಿ ನಿನ್ನ ಫೋನು.”

ಸಾಧಿಕ್ ಫೋನು ಹಿಡಿದ. ಒಂದೊಂದೇ ಮನೆ ಒತ್ತಿದ. ಪ್ರತಿ ಸಲ ಮುಳ್ಳು ನಡುವೆ ಬಂದು ಸುಮ್ಮನೆ ನಿಂತಿತು. ಕಡೆಯ ಮನೆಗೆ ಬರುವಾಗ ಅವನು ಫೋನು ನೋಡುವುದನ್ನು ಬಿಟ್ಟು ಅತ್ತೆಯನ್ನೇ ನೋಡುತ್ತಿದ್ದ.

“ಇದು ಪೇಟಿ ಮಾತಾತು,” ಎಂದರು ರಾಮಪ್ಪ ಮಾಸ್ತರರು. ಗಿರಣಿಯ ಮಾತು ಅವರನ್ನು ಇನ್ನೂ ಕಡಿಯುತ್ತಿತ್ತು. “ಹಾಡಿಕಿಗೆ ಕೂಡ್ತೈತೋ ಇಲ್ಲೋ ನಾ ಹಾಡೇ ನೋಡತೀನಿ. ಬಾರಸು ಷಡ್ಜ.”

ಮೈಮುನಬಿ ಷಡ್ಜ ಹಿಡಿದಳು. ಮಾಸ್ತರರು ಕಣ್ಣು ಮುಚ್ಚಿ ಎದೆ ತುಂಬ ಉಸಿರು ತುಂಬಿ ‘ಆ’ ಎಂದರು. ಮಂಡಳಿಯವರು ನಲವತ್ತು ವರ್ಷದ ರೂಢಿಯಂತೆ ನೆಲ ನೋಡತೊಡಗಿದರು.

“ನಿಲ್ಲಬ್ಯಾಡ್ರಿ, ಹಂಗ ಹಿಡೀರಿ,” ಎಂದಳು ಮೈಮುನಬಿ. ಆಕೆಯ ಬೆರಳು ಮೊಣಕಾಲ ಮೇಲೆ ದಡಬಡ ಓಡುತ್ತಿತ್ತು. “ಮಾಸ್ತರ್ರ, ನೀವೂ ಪೇಟೀನೂ ಜಗಳಾಡಾಕತ್ತೀರಿ. ಚೂರು ಇಳಸ್ರಿ. ಊಂಹೂಂ, ಜಗಳ ಹೆಚ್ಚಾತು. ಏರ್ಸ್ರಿ. ಏರ್ಸ್ರಿ ಅಂದೆ! ಇನ್ನೊಂಚೂರು. ಮೆಲ್ಲಕ... ಮೆಲ್ಲಕ... ಹಾಂ! ನಿಂತಿತ್ರಿ! ಅಲ್ಲೇ ಇರ್ರಿ!”

ಮಂಡಳಿಯವರೆಲ್ಲ ಒಟ್ಟಿಗೆ ತಲೆ ಎತ್ತಿದರು. ಮಾಸ್ತರರ ದನಿ ಪೇಟಿಯ ದನಿಯೊಳಗೆ ಹೋಗಿ ಕೂತಿತ್ತು. ಎರಡು ಇದ್ದದ್ದು ಒಂದಾಗಿತ್ತು. ಮಾಸ್ತರರಿಗೂ ಅದು ತಿಳಿಯಿತು. ಹುಬ್ಬು ಮೇಲಕ್ಕೆ ಹೋಯಿತು, ಕಣ್ಣು ತೆರೆದವು. ಉಸಿರು ತೀರುವ ತನಕ ಅವರು ಆ ಸ್ವರವನ್ನು ಬಿಡಲಿಲ್ಲ. ಬಿಟ್ಟರೆ ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆ ಮುಖದ ಮೇಲೇ ಕಾಣುತ್ತಿತ್ತು.

ಉಸಿರು ಮುಗಿದ ಮೇಲೆ ಪೇಟಿಯ ಹತ್ತಿರ ಸರಿದು ಕೂತರು.

“ಇದೇನವಾ, ಷಡ್ಜ ಅಂದ್ರ?” ಎಂದು ಕೇಳಿದರು, ಒಂದನೇ ಇಯತ್ತೆಯ ಸಾಲೆ ಹುಡುಗ ಕೇಳಿದ ಹಾಗೆ.

“ನನಗೇನ ಗೊತ್ರಿ? ನನಗ ಜಗಳ ನಿಂತದ್ದಷ್ಟ ಗೊತ್ತಾತು,” ಎಂದಳು ಮೈಮುನಬಿ.

ಮಾಸ್ತರರು ಎದ್ದರು. ಸಾಧಿಕನ ಮುಂದಿದ್ದ ಪೆಟ್ಟಿಗೆಯನ್ನು ಎತ್ತಿ, ಮುಚ್ಚಳ ಹಾಕಿ, ತಾವೇ ತಂದು ಆಕೆಯ ತೊಡೆಯ ಮೇಲೆ ಇಟ್ಟರು. ಸಾಧಿಕ್ ಬೇಡವೆನ್ನಲಿಲ್ಲ. “ಫುಫು, ಆ ಜಗಳ ಎಣಿಸೂದು ನನಗೂ ಒಂಚೂರು ಕಲಸು,” ಎಂದ.

ಬಾಗಿಲಲ್ಲಿ ಇಸ್ರಾರ್ ನಿಂತಿದ್ದ. ಕಣ್ಣು ಕೆಂಪು, ಗಲ್ಲ ಒದ್ದೆ. ಮೈಮುನಬಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಹತ್ತಿರ ಹೋದಳು.

“ಛಲೋ ಇತ್ತೇನ್ರಿ?” ಎಂದು ಮೆಲ್ಲಗೆ ಕೇಳಿದಳು. ಆ ಒಂದು ಮಾತು ಕೇಳುವಾಗ ಮಾತ್ರ ಆಕೆಯ ಮುಖದ ತುಂಟತನವೆಲ್ಲ ಇಳಿದುಹೋಗಿತ್ತು.

ಇಸ್ರಾರ್ ಹೇಳಲು ಹೋದ. “ಮೆಣಸಿನಕಾಯಿ,” ಎಂದು ಮೂಗು ಒರೆಸಿಕೊಂಡ.

ಅವನು ಅಂಗಳದಲ್ಲಿ, ಗಾಳಿಗೆ ಮುಖವೊಡ್ಡಿ ಕೂತು ಮೂರು ತಾಸಾಗಿತ್ತು. ಮೈಮುನಬಿಗೆ ಅದು ಗೊತ್ತಿತ್ತು. ಸೆರಗಿನ ಚುಂಗಿನಿಂದ ಅವನ ಗಲ್ಲ ಒರೆಸಿ, ಬಸ್ಸು ಹೋಗುತ್ತದೆಂದು ಅವಸರ ಮಾಡಿದಳು.